ಬ್ಯಾಕ್ಟೀರಿಯಾಕ್ಕೆ ಸಿಕ್ಕ ಮರ್ಯಾದೆ ನಮ್ಮ ಹೊಲಕ್ಕೆ ಯಾಕಿಲ್ಲ?

ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಮೊದಲು ದನ, ಹಂದಿಗಳ ಗ್ರಂಥಿಯಿಂದ ಬರುತ್ತಿತ್ತು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನನ್ನೇ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಮಾಡಿಸಿದರು. 1982ರಲ್ಲಿ ಅಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ಹೊರಗಿನ ಜೀನು ತಂದು ಒಳಗೆ ಹಾಕಿದರೆ ಮುಗೀತು ಅಂದ್ಕೋಬೇಡಿ. ಪರಕೀಯ ಸಣ್ಣ ಪ್ರೋಟೀನನ್ನು ಬ್ಯಾಕ್ಟೀರಿಯಾ ಚೂರು ಮಾಡಿ ಹಾಕುತ್ತದೆ. ಅದಕ್ಕೇ ಆ ಜೀನನ್ನು ಬ್ಯಾಕ್ಟೀರಿಯಾಕ್ಕೆ ಒಗ್ಗುವ ಹಾಗೆ ಹೊಸದಾಗಿ ಕಟ್ಟಿದರು. ಇನ್ಸುಲಿನ್ನಿನ ಎರಡು ಎಳೆಗಳನ್ನು ಬೇರೆಬೇರೆ ಮಾಡಿಸಿದರು. ಒಂದೊಂದನ್ನೂ ಬ್ಯಾಕ್ಟೀರಿಯಾದ್ದೇ ದೊಡ್ಡ ಪ್ರೋಟೀನಿಗೆ ಅಂಟಿಸಿ ಕಾಪಾಡಿದರು. ಆಮೇಲೆ ಬಿಡಿಸಿ ಕೂಡಿಸಿದರು.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಇದು ನನಗೆ ಹೊಸದಲ್ಲ: ಬೀಜ ಎಷ್ಟೇ ಒಳ್ಳೇದಿರಲಿ, ನೆಲ ಒಪ್ಪದಿದ್ದರೆ ಬೆಳೆಯಿಲ್ಲ. ಅಲ್ಲಿ ಕಣ್ಣಿಗೆ ಕಾಣದ ಜೀವಿಯ ಗುಣ ತಿಳಿದು ಜೀನನ್ನೇ ತಿದ್ದಿದರು. ಇಲ್ಲಿ ನೀರಾವರಿ ತಾಕಿನಲ್ಲಿ ಗೆದ್ದ ತಳಿಯನ್ನು ಹಾಗೇ ತಂದು, ಮಳೆ ನಂಬಿದ ಕೆಂಪು ಮಣ್ಣಿಗೆ ಬಿತ್ತಿ ಅಂತಾರೆ. ಬೆಳೆ ಕೈಕೊಟ್ಟರೆ ರೈತನ ಬೇಸಾಯವೇ ಸರಿಯಿಲ್ಲವಂತೆ! ಬ್ಯಾಕ್ಟೀರಿಯಾ ಸರಿಯಿಲ್ಲ ಅಂತ ಆ ವಿಜ್ಞಾನಿಗಳು ಕೈಬಿಟ್ಟಿದ್ದರೆ ಇನ್ಸುಲಿನ್ ಬರುತ್ತಿತ್ತೇ?

ತಳಿ ಶಿಫಾರಸು ಮಾಡುವವರು ಮೊದಲು ನಮ್ಮ ಹೊಲದಲ್ಲೇ, ಮಳೆ ಕಮ್ಮಿಯಾದ ವರ್ಷವೂ ಸೇರಿ, ಬೆಳೆದು ನೋಡಲಿ. ಹೊಲಕ್ಕೆ ತಕ್ಕ ತಳಿ ಬೇಕು, ತಳಿಗೆ ತಕ್ಕ ಹೊಲ ನಾವು ಎಲ್ಲಿಂದ ತರೋಣ?