ಮಾಲೀಶ್ ಮಾಡುವ ಕೈಗೂ ಕೂಲಿ ಇದೆ

ಮಾಲೀಶ್ ಎಂದರೆ ಎಣ್ಣೆ ಹಚ್ಚಿ ತಿಕ್ಕುವುದು, ಯಾರು ಬೇಕಾದರೂ ಮಾಡಬಹುದು ಎಂದು ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ.

ಯುನಾನಿ ವೈದ್ಯದಲ್ಲಿ ಮಾಲೀಶಿಗೆ ‘ದಲ್ಕ್’ ಎನ್ನುತ್ತಾರೆ. ಸುಮಾರು 1000 ವರ್ಷಗಳ ಹಿಂದೆಯೇ ಇಬ್ನ್ ಸೀನಾ ಇದರ ಬಗೆಗಳನ್ನು ಬರೆದಿಟ್ಟರು. ಗಟ್ಟಿಯಾಗಿ ತಿಕ್ಕಿದರೆ ಮೈ ಬಿಗಿಯಾಗುತ್ತದೆ, ಮೆತ್ತಗೆ ತಿಕ್ಕಿದರೆ ಸಡಿಲವಾಗುತ್ತದೆ, ಬಹಳ ತಿಕ್ಕಿದರೆ ಮೈ ಇಳಿಯುತ್ತದೆ, ಹದವಾಗಿ ತಿಕ್ಕಿದರೆ ತುಂಬಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಆಯುರ್ವೇದದ ಅಭ್ಯಂಗದಲ್ಲಿ ಬೆಚ್ಚಗಿನ ಎಣ್ಣೆ ಮುಖ್ಯ. ಅದು ವಾತವನ್ನು ತಗ್ಗಿಸುತ್ತದೆ ಎನ್ನುತ್ತಾರೆ. ಸ್ವೀಡಿಷ್ ಮಸಾಜಿನಲ್ಲಿ ಉದ್ದಕ್ಕೆ ನೀವಿ, ಹಿಸುಕಿ, ತಟ್ಟುತ್ತಾರೆ. ಮೈ ಮನಸ್ಸು ಹಗುರಾಗಲಿ ಎಂಬುದು ಉದ್ದೇಶ. ಡೀಪ್ ಟಿಶ್ಯೂ ಮಸಾಜ್ ಒಳಗಿನ ಸ್ನಾಯುಗಳ ಬಿಗಿತ ಬಿಡಿಸಲು. ಥಾಯ್ ಮಸಾಜಿಗೆ ಸಾಮಾನ್ಯವಾಗಿ ಎಣ್ಣೆಯೇ ಬೇಡ. ಬಟ್ಟೆ ತೊಟ್ಟ ಹಾಗೆಯೇ ಕೈಕಾಲು ಒತ್ತಿ ಎಳೆಯುತ್ತಾರೆ.

ಅಂದರೆ ಎಲ್ಲಿ, ಎಷ್ಟು ಒತ್ತಬೇಕು ಎಂದು ಗೊತ್ತಿರುವುದೇ ವಿದ್ಯೆ. ಎಲ್ಲಿ ಒತ್ತಬಾರದು ಎನ್ನುವುದು ಇನ್ನೂ ದೊಡ್ಡ ವಿದ್ಯೆ. ಆಟದಲ್ಲಿ ಬಿದ್ದು ಆಗತಾನೇ ಊದಿಕೊಂಡ ಕಾಲನ್ನಾಗಲಿ, ಮೂಳೆ ಮುರಿದಿರಬಹುದು ಎನಿಸುವ ಕೈಯನ್ನಾಗಲಿ ತಿಕ್ಕಲೇಬಾರದು.

ಈ ವಿದ್ಯೆ ಇರುವ ಹೆಂಗಸರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ನನ್ನ ಆಪಾಗೆ ಹೆರಿಗೆಯಾದಾಗ ಚಿಲ್ಲಾದ 40 ದಿನವೂ ಒಬ್ಬರು ಖಾಲಾ ಬರುತ್ತಿದ್ದರು. ಆಪಾಳ ಸೊಂಟಕ್ಕೆ ಒತ್ತಿ ತಿಕ್ಕುತ್ತಿದ್ದ ಅದೇ ಕೈ ಮಗುವಿನ ಮೈಮೇಲೆ ಹೂವಿನಷ್ಟು ಹಗುರ. ಅವರಿಗೆ ಇಷ್ಟು ಎಂದು ಯಾರೂ ಮಾತಾಡಿರಲಿಲ್ಲ. ಕೊನೆಯ ದಿನ ಒಂದು ಸೀರೆ, ಅಕ್ಕಿ, ಸ್ವಲ್ಪ ದುಡ್ಡು. ಕೇಳಿದರೆ ಅಮ್ಮಿ, “ಖುಷಿಯಿಂದ ಕೊಟ್ಟಿದ್ದು ಬೇಟಾ, ಲೆಕ್ಕ ಹಾಕಬಾರದು” ಅಂದರು.

ಕಾಮರ್ಸ್ ಓದುವ ನನಗೆ ಲೆಕ್ಕ ಹಾಕದೆ ಇರಲು ಆಗಲಿಲ್ಲ. ಸ್ಪಾದಲ್ಲಿ ಗಂಟೆಗೆ ಇಷ್ಟು ಎಂದು ಬೋರ್ಡ್ ಇರುತ್ತದೆ, ಬಿಲ್ಲೂ ಕೊಡುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ದಲ್ಕ್ ಸೇರಿದ ಚಿಕಿತ್ಸೆಗಳನ್ನು ವೈದ್ಯರೇ ಎಂ.ಡಿ. ಮಟ್ಟದಲ್ಲಿ ಓದುತ್ತಾರೆ. ಖಾಲಾ ಮಾಡಿದರೆ ಮಾತ್ರ ಅದು ‘ಮನೆ ಕೆಲಸ’ವೇ?

ಇದು ಖಿದ್ಮತ್, ಸವಾಬ್ ಸಿಗುತ್ತದೆ ಎನ್ನುವವರಿದ್ದಾರೆ. ಸಿಗಲಿ. ಆದರೆ ಸವಾಬಿನಿಂದ ಅವರ ಮನೆಯ ಬಾಡಿಗೆ ಕಟ್ಟಲು ಆಗುವುದಿಲ್ಲ. ಪ್ರೀತಿಯ ಉಡುಗೊರೆ ಬೇರೆ, ಕೂಲಿ ಬೇರೆ. ನಿಮ್ಮ ಮನೆಗೆ ಇಂಥ ಖಾಲಾ ಬಂದರೆ ಮೊದಲ ದಿನವೇ ದಿನಕ್ಕೆ ಇಷ್ಟು ಎಂದು ಮಾತಾಡಿ. ದೊಡ್ಡವರು ಸಂಕೋಚಪಟ್ಟರೆ ನೀವೇ ಕೇಳಿ. ಸೀರೆಯನ್ನು ಅದರ ಮೇಲೆ ಕೊಡಿ.