ವಿಮೆ ಕಾರ್ಡಿಗಿಂತ ಮೊದಲು ಊರಿಗೊಬ್ಬ ಡಾಕ್ಟರು

ನಮ್ಮ ಶಿವಮೊಗ್ಗ ಜಿಲ್ಲೆಯ ಎರಡು ಹಳ್ಳಿಗಳ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿ ಸೇರಿಹೋಗಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಒಂದು, ಸಾಗರದ ಪಕ್ಕದ ಹಂದಿಗೋಡು ಇನ್ನೊಂದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಜನ ಜ್ವರ ಹಿಡಿದು ಮಲಗಿದಾಗ ಪುಣೆಯಿಂದ ಬಂದ ವಿಜ್ಞಾನಿಗಳು ಹೊಸ ವೈರಾಣುವೊಂದನ್ನು ಪತ್ತೆ ಹಚ್ಚಿದರು. ಅದೇ ಮಂಗನ ಕಾಯಿಲೆ. 1970ರ ದಶಕದಲ್ಲಿ ಹಂದಿಗೋಡಿನ ದಲಿತ ಕೇರಿಗಳಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆದು ನಡೆಯಲಾಗದೆ ಕುಳಿತವರು ಕಾಣಿಸಿಕೊಂಡರು. ಆ ಕಾಯಿಲೆಗೆ ಊರಿನ ಹೆಸರೇ ಉಳಿಯಿತು.

ಈ ಎರಡು ಊರುಗಳು ಈಗ ನೆನಪಾಗಲು ಕಾರಣವಿದೆ. ಸರ್ಕಾರವೇ ಆಸ್ಪತ್ರೆ ನಡೆಸಬೇಕೋ, ಇಲ್ಲ ಎಲ್ಲರಿಗೂ ವಿಮೆ ಮಾಡಿಸಿ ಖಾಸಗಿ ಆಸ್ಪತ್ರೆಗೆ ಕಳಿಸಿದರೆ ಸಾಕೋ ಎಂಬ ಚರ್ಚೆ ಈಗ ಜೋರಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ ರದ್ದಾದ ಮೇಲಂತೂ, ಪಾಲಿಸಿ ಮಾಡಿಸಿದರೆ ಆರೋಗ್ಯದ ಚಿಂತೆ ಮುಗಿಯಿತು ಎನ್ನುವವರು ಹೆಚ್ಚಾಗಿದ್ದಾರೆ. ಈ ಮಾತನ್ನು ದೆಹಲಿ, ಬೆಂಗಳೂರಿನಲ್ಲಿ ಕುಳಿತು ತೂಗುವುದು ಬೇರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನಲ್ಲಿ ನಿಂತು ತೂಗುವುದು ಬೇರೆ.

ಮಂಗನ ಕಾಯಿಲೆಯನ್ನೇ ನೋಡಿ. ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಕೊಟ್ಟಿಗೆಗೆ ಹಾಸಲು ದರಗು ಬೇಕು. ಹೆಂಗಸರು ಕಲ್ಲಿ, ಚೂಳಿ ಹಿಡಿದು ಕಾನಿಗೆ ಹೋಗುತ್ತಾರೆ. ಸಾಸಿವೆ ಕಾಳಿಗಿಂತ ಸಣ್ಣ ಉಣುಗಿನ ಮರಿಗಳು ಆ ಒಣ ಎಲೆಯಲ್ಲೇ ಇರುತ್ತವೆ. ಕಾಲಿಗೆ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಒಂದು ವಾರದಲ್ಲಿ ವಿಪರೀತ ಜ್ವರ, ತಲೆನೋವು, ಮೈಕೈ ಒಡೆತ. ಕೆಲವರಿಗೆ ರಕ್ತಸ್ರಾವ. ಈ ಜ್ವರಕ್ಕೆಂದೇ ಇರುವ ಔಷಧಿ ಇಲ್ಲ. ಬೇಗ ಪತ್ತೆಯಾಗಿ, ನೀರಿನಂಶ, ಪ್ಲೇಟ್‌ಲೆಟ್ ನೋಡಿಕೊಂಡು ಆರೈಕೆ ಮಾಡಿದರೆ ಬಹುಪಾಲು ಜನ ಬದುಕುತ್ತಾರೆ, ತಡವಾದರೆ ಜೀವಕ್ಕೇ ಕುತ್ತು.

ಇದನ್ನು ತಡೆಯಲು ಏನೇನು ಬೇಕು? ಸತ್ತ ಮಂಗ ಎಲ್ಲಿ ಬಿದ್ದಿದೆ ಎಂದು ತಿಳಿಸುವ ಜನ ಬೇಕು. ಹೋಗಿ ಸುತ್ತ ಕೀಟನಾಶಕದ ಪುಡಿ ಚೆಲ್ಲಿ, ಉಣುಗು ಹಿಡಿದು ಪರೀಕ್ಷೆಗೆ ಕಳಿಸುವ ಸಿಬ್ಬಂದಿ ಬೇಕು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಲು ಡೆಪಾ ಎಣ್ಣೆಯನ್ನು ಮನೆಮನೆಗೆ ಮುಟ್ಟಿಸುವ ಆಶಾ ಕಾರ್ಯಕರ್ತೆ ಬೇಕು. ಶಿವಮೊಗ್ಗದ ಪ್ರಯೋಗಾಲಯದಲ್ಲಿ ವರದಿ ಬೇಗ ಬರಬೇಕು. ಎಲ್ಲಕ್ಕಿಂತ ಮೇಲೆ ಲಸಿಕೆ ಬೇಕು. ಇವುಗಳಲ್ಲಿ ಒಂದನ್ನಾದರೂ ವಿಮಾ ಕಂಪನಿ ಕೊಡುತ್ತದೆಯೇ? ಕೊಡುವುದಿಲ್ಲ. ಅದು ಅದರ ಕೆಲಸವೇ ಅಲ್ಲ. ಕಾಯಿಲೆ ಬಿದ್ದ ಮೇಲೆ ಬಿಲ್ಲು ಕಟ್ಟುವುದು ಮಾತ್ರ ಅದರ ಕೆಲಸ.

ಲಸಿಕೆಯ ಕಥೆ ಇನ್ನೂ ನೋವಿನದು. ಬೆಂಗಳೂರಿನ ಹೆಬ್ಬಾಳದಲ್ಲಿ ಸರ್ಕಾರಿ ಸಂಸ್ಥೆ ತಯಾರಿಸುತ್ತಿದ್ದ ಹಳೆಯ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್ ಎಂದು ಮತ್ತೆ ಮತ್ತೆ ಚುಚ್ಚಬೇಕಿತ್ತು. ಚುಚ್ಚಿದ ಜಾಗ ಬಹಳ ನೋಯುತ್ತದೆ ಎಂದು ಎಷ್ಟೋ ಜನ ಎರಡನೇ ಡೋಸಿಗೇ ಬರುತ್ತಿರಲಿಲ್ಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಹಬ್ಬಿ ಸಾವಿನ ಮೇಲೆ ಸಾವು ಬಿದ್ದಾಗ ಇಡೀ ರಾಜ್ಯ ಆ ಕಡೆ ತಿರುಗಿತು. ಮುಂದೆ, ಆ ಲಸಿಕೆಯಲ್ಲಿ ಸತ್ವವೇ ಉಳಿದಿಲ್ಲವೆಂದು 2022ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಯುವತಿಯೊಬ್ಬಳು ಇದೇ ಜ್ವರಕ್ಕೆ ಬಲಿಯಾದಾಗ ಮಲೆನಾಡಿನ ಕೈಯಲ್ಲಿ ಲಸಿಕೆಯೇ ಇರಲಿಲ್ಲ. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್ ಈಗ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯ ಜೊತೆ ಕೈಗೊಂಡಿದೆ. ಆ ಸಂಸ್ಥೆಯೂ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಅಂಗವೇ. ಪಶ್ಚಿಮ ಘಟ್ಟದ ಬದಿಯ ಒಂದಿಷ್ಟು ಬಡ ಜನರಿಗೆ ಮಾತ್ರ ಬೇಕಾದ ಲಸಿಕೆಯಲ್ಲಿ ಯಾವ ಖಾಸಗಿ ಕಂಪನಿಗೂ ಲಾಭ ಕಾಣುವುದಿಲ್ಲ. ಸರ್ಕಾರ ಮಾಡದಿದ್ದರೆ ಬೇರೆ ಯಾರೂ ಮಾಡುವವರಿಲ್ಲ.

ಹಂದಿಗೋಡು ಕಾಯಿಲೆ ಇನ್ನೂ ಕಠಿಣ ಪ್ರಶ್ನೆ ಕೇಳುತ್ತದೆ. ಅದು ವಂಶದಲ್ಲಿ ಇಳಿದು ಬರುವ ಕಾಯಿಲೆ. ಅಪ್ಪನಿಗಿದ್ದರೆ ಮಗನಿಗೆ ಬರುವ ಭಯ ಹುಟ್ಟಿನಿಂದಲೇ ಇರುತ್ತದೆ. ಅಂಥ ಮನೆಯವರು ಖಾಸಗಿ ಪಾಲಿಸಿಯ ಅರ್ಜಿ ತುಂಬಿದರೆ ಏನಾದೀತು? ಮೊದಲೇ ಇದ್ದ ಕಾಯಿಲೆಗೆ ಇಷ್ಟು ವರ್ಷ ಕಾಯಬೇಕು ಎಂಬ ಷರತ್ತು ಇದ್ದೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು, ಅಷ್ಟೆ. ವಿಮೆಯ ಲೆಕ್ಕಾಚಾರದಲ್ಲಿ ಅಪಾಯ ಹೆಚ್ಚಿದ್ದವರಿಗೆ ಕಂತು ಹೆಚ್ಚು. ಕೂಲಿ ಮಾಡಿ ಬದುಕುವ, ಕೂಲಿ ಮಾಡಲು ಕಾಲೇ ಇಲ್ಲದ ಮನುಷ್ಯನಿಗೆ ಆ ಲೆಕ್ಕಾಚಾರದಲ್ಲಿ ಜಾಗವಿಲ್ಲ. ಅವರಿಗೆ ಬೇಕಾದದ್ದು ಸೊಂಟದ ಶಸ್ತ್ರಚಿಕಿತ್ಸೆ, ನೋವಿನ ಮಾತ್ರೆ, ಮಾಸಾಶನ, ಮನೆಬಾಗಿಲಿಗೆ ಬಂದು ಹೋಗುವ ನರ್ಸು. ಇದಕ್ಕಾಗಿ ಅವರು ದಶಕಗಳಿಂದ ಸರ್ಕಾರದ ಬಾಗಿಲು ಬಡಿಯುತ್ತ ಬಂದಿದ್ದಾರೆ.

ಹಾಗೆಂದು ವಿಮೆ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ರಾಜ್ಯ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದೆ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿ ಹೃದಯದ ಆಪರೇಷನ್ ಮಾಡಿಸಿಕೊಂಡ. ಅಡಿಕೆ ಮರದಿಂದ ಬಿದ್ದ ಕೊನೆಗೌಡನನ್ನು, ಗರ್ಭಕೋಶದ ಗಡ್ಡೆಯಿಂದ ನರಳುತ್ತಿದ್ದ ತಾಯಿಯನ್ನು ಸಾಲವಿಲ್ಲದೆ ಉಳಿಸಿಕೊಂಡ ಮನೆಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿವೆ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಕರಗಿಸಿದಾಗ ಸೊಸೈಟಿಗಳ ಸದಸ್ಯರು ಸಿಟ್ಟಾದದ್ದು ಸಹಜವಾಗಿತ್ತು. 2022ರಲ್ಲಿ ಹಳ್ಳಿಯ ಕುಟುಂಬಕ್ಕೆ 500 ರೂಪಾಯಿ ವಂತಿಗೆಯಲ್ಲಿ ಅದು ಮತ್ತೆ ಬಂದದ್ದು ಒಳ್ಳೆಯದೇ ಆಯಿತು.

ಆದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಒಳಗೆ ಹೋಗಿ ನೋಡಿದರೆ ತೊಡಕು ಕಾಣುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ ಶೇ 70 ಮನೆಯಿಂದ. ಎಲೆಚುಕ್ಕಿ, ಕೊಳೆರೋಗದಲ್ಲಿ ಅರ್ಧ ಫಸಲು ಕಳೆದುಕೊಂಡ ಸಣ್ಣ ಅಡಿಕೆ ಬೆಳೆಗಾರನೂ ಎಪಿಎಲ್ ಕಾರ್ಡಿನವನಾದರೆ ಇದೇ ಸಾಲಿನಲ್ಲಿ ನಿಲ್ಲಬೇಕು. ತುರ್ತು ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಹೋಗಬೇಕು. ಬಿಲ್ಲಿನ ಕಿಟಕಿಯ ಮುಂದೆ ನಿಂತು "ಇದು ಪ್ಯಾಕೇಜಿಗೆ ಬರಲ್ಲ" ಎಂಬ ಮಾತು ಕೇಳಿಸಿಕೊಂಡವರಿಗೆ ಆ ಗಳಿಗೆಯ ದಿಗಿಲು ಗೊತ್ತು.

ಇನ್ನೊಂದು ವರ್ಗದ ಮನೆಗಳಿವೆ. ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ, ಅಪ್ಪ-ಅಮ್ಮ ಕೋಣಂದೂರಿನಲ್ಲೋ ರಿಪ್ಪನ್‌ಪೇಟೆಯಲ್ಲೋ. ಕಂಪನಿಯ ವಿಮೆಯಲ್ಲಿ ಅಪ್ಪ-ಅಮ್ಮನ ಹೆಸರೂ ಇದೆ, ಲಕ್ಷಗಟ್ಟಲೆ ಮೊತ್ತವೂ ಇದೆ. ಎದೆನೋವು ಬರುವುದು ಮಾತ್ರ ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ, ಮಳೆಗೆ ಕರೆಂಟು ಹೋಗಿ, ಮೊಬೈಲ್ ಸಿಗ್ನಲ್ಲೂ ಇಲ್ಲದಾಗ. ನಗದುರಹಿತ ಸೌಲಭ್ಯದ ಆಸ್ಪತ್ರೆ ಇರುವುದು ಶಿವಮೊಗ್ಗದಲ್ಲಿ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲದಲ್ಲಿ. ಮೂರು ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗವೇ 60ರಿಂದ 75 ಕಿಲೋಮೀಟರ್ ದೂರ. ಆ ದಾರಿಯನ್ನು ಯಾವ ಪಾಲಿಸಿಯೂ ಗಿಡ್ಡ ಮಾಡುವುದಿಲ್ಲ. ಆ ಹೊತ್ತಿಗೆ ಬೇಕಾದದ್ದು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ನೋಡಬಲ್ಲ ಒಬ್ಬ ಡಾಕ್ಟರು, ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಒಂದು ಇಂಜೆಕ್ಷನ್.

ಸಾಗರ ತಾಲ್ಲೂಕಿನ ತುಮರಿಯ ಜನರನ್ನು ಕೇಳಿದರೆ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ತುಂಬಿದ ಮೇಲೆ ಆ ದ್ವೀಪದಂಥ ಊರುಗಳಿಗೆ ಸಾಗರದ ಕಡೆ ಬರಲು ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ದಡದಲ್ಲಿ ನಿಂತು ಲಾಂಚಿನವರನ್ನು ಎಬ್ಬಿಸಬೇಕಿತ್ತು, ಇಲ್ಲವೇ ಬಹುದೂರದ ಸುತ್ತು ದಾರಿ ಹಿಡಿಯಬೇಕಿತ್ತು. ನಾಡಿಗೆ ಬೆಳಕು ಕೊಡಲು ಮುಳುಗಡೆಯಾದ ಜನ ಒಂದು ಸೇತುವೆಗಾಗಿ ಆರು ದಶಕ ಕಾದರು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆ ಉದ್ಘಾಟನೆಯಾಯಿತು. ತುಮರಿಯ ಆರೋಗ್ಯಕ್ಕೆ ಇಷ್ಟು ವರ್ಷಗಳಲ್ಲಿ ಸಿಕ್ಕ ಅತಿದೊಡ್ಡ ಚಿಕಿತ್ಸೆ ಅದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಈಗ ಸೇತುವೆ ದಾಟಿ ಸಾಗರ ತಲುಪಿದ ಬಸುರಿಗೆ, ರಾತ್ರಿ ಪಾಳಿಯಲ್ಲಿ ಹೆರಿಗೆ ತಜ್ಞರು ಇದ್ದಾರೆ, ಅರಿವಳಿಕೆ ಕೊಡುವವರು ಇಲ್ಲ ಎಂಬ ಉತ್ತರ ಯಾವತ್ತೂ ಸಿಗಬಾರದು. ಒಬ್ಬರಿದ್ದು ಇನ್ನೊಬ್ಬರಿಲ್ಲದಿದ್ದರೆ ಸಿಸೇರಿಯನ್ ಆಗುವುದಿಲ್ಲ, "ಮೆಗ್ಗಾನ್‌ಗೆ ಬರ್ಕೊಡ್ತೀವಿ" ಎಂದು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರುತ್ತದೆ.

ಹಣ ಎತ್ತ ಹರಿಯುತ್ತದೆ ಎಂಬುದೂ ಮುಖ್ಯ. ವಿಮೆಯ ಹಣ ರೋಗಿಯ ಹಿಂದೆ ಹೋಗುತ್ತದೆ. ರೋಗಿ ಮಣಿಪಾಲಕ್ಕೆ ಹೋದರೆ ಹಣ ಮಣಿಪಾಲಕ್ಕೆ, ಶಿವಮೊಗ್ಗದ ನರ್ಸಿಂಗ್ ಹೋಮಿಗೆ ಹೋದರೆ ಅಲ್ಲಿಗೆ. ಹೊಸನಗರದ ಆಸ್ಪತ್ರೆಯಲ್ಲಿ ತಜ್ಞರಿಲ್ಲದಿದ್ದರೆ ಅಲ್ಲಿ ಚಿಕಿತ್ಸೆಯಿಲ್ಲ, ಚಿಕಿತ್ಸೆಯಿಲ್ಲದಿದ್ದರೆ ಕ್ಲೇಮ್ ಹಣವೂ ಇಲ್ಲ. ಇದ್ದವರಿಗೆ ಇನ್ನಷ್ಟು, ಇಲ್ಲದವರಿಗೆ ಇದ್ದದ್ದೂ ಹೋಯಿತು. ನಮ್ಮ ತೋಟದ ಲೆಕ್ಕವನ್ನೇ ನೋಡಿ. ಅಡಿಕೆ ಬೆಳೆಗಾರರಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಅದು ಇದೆಯೆಂದು ಕೊಳೆರೋಗ ತಡೆಯಲು ಮೈಲುತುತ್ತ ಹೊಡೆಯುವುದನ್ನು ಯಾರಾದರೂ ಬಿಡುತ್ತಾರೆಯೇ? ತೋಟದಲ್ಲಿ ಪಾಲಿಸುವ ವಿವೇಕವನ್ನು ಮನುಷ್ಯರ ವಿಷಯದಲ್ಲಿ ಸರ್ಕಾರಗಳು ಮರೆತಿವೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021–22ರಲ್ಲಿ, ಕೋವಿಡ್ ಹೊಡೆತದ ನಡುವೆಯೂ, ಅದು ಇದ್ದದ್ದು ಶೇ 1.84. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕೊಟ್ಟಿದ್ದಾರೆ.

ದೂರದ ಒಂದು ಉದಾಹರಣೆ ನಮಗೆ ತೀರ ಹತ್ತಿರದ್ದಾಗಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಗೋಧಿ ಬೆಳೆಯುವವರ ಸಾರ್ನಿಯಾ ಎಂಬ ಗ್ರಾಮಾಡಳಿತವಿತ್ತು. 1914ರಲ್ಲಿ ತಮ್ಮ ಡಾಕ್ಟರು ಊರು ಬಿಡುವ ಸೂಚನೆ ಕಂಡಾಗ ಅವರು ತೆರಿಗೆ ಹಣದಿಂದ ವರ್ಷಕ್ಕೆ 1,500 ಡಾಲರ್ ಗೊತ್ತುಮಾಡಿ ಅವರನ್ನು ಉಳಿಸಿಕೊಂಡರು. ಅಕ್ಕಪಕ್ಕದ ಊರುಗಳೂ ಅದನ್ನೇ ಹಿಡಿದವು. 1947ರಲ್ಲಿ ಅದೇ ಪ್ರಾಂತ್ಯ ಎಲ್ಲರಿಗೂ ಆಸ್ಪತ್ರೆ ಚಿಕಿತ್ಸೆಯ ಸಾರ್ವಜನಿಕ ವಿಮೆ ತಂದಿತು. 1962ರಲ್ಲಿ ವೈದ್ಯರ ಶುಲ್ಕಕ್ಕೂ ಅದನ್ನು ವಿಸ್ತರಿಸಿದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು, ಸರ್ಕಾರ ಯೋಜನೆಯನ್ನು ಕೈಬಿಡಲಿಲ್ಲ. ಮೊದಲು ಡಾಕ್ಟರು, ಆಮೇಲೆ ಆಸ್ಪತ್ರೆ, ಆಮೇಲೆ ವಿಮೆ, ಇದು ಅವರು ನಡೆದ ದಾರಿ. ಥಾಯ್ಲೆಂಡ್ ಕೂಡ ಜಿಲ್ಲೆ ಜಿಲ್ಲೆಗೆ ಆಸ್ಪತ್ರೆ ಕಟ್ಟಿ, ಹಳ್ಳಿಗೆ ವೈದ್ಯರನ್ನು ಕಳಿಸಿದ ಮೇಲೆಯೇ ಈ ಶತಮಾನದ ಆರಂಭದಲ್ಲಿ 30 ಬಾತ್ ಯೋಜನೆ ತಂದದ್ದು.

ನಮ್ಮಲ್ಲಿ 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ದರ ನಿಯಂತ್ರಿಸುವ ಮಸೂದೆಯ ವಿರುದ್ಧ ವೈದ್ಯರು ಬೀದಿಗಿಳಿದರು. ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಪಟ್ಟು ಹಿಡಿದರೂ ಕೊನೆಗೆ ಪಾಸಾದದ್ದು ಹಲ್ಲು ಕಿತ್ತ ಕಾಯ್ದೆ. ವೈದ್ಯ ಪದವೀಧರರು ಒಂದು ವರ್ಷ ಗ್ರಾಮೀಣ ಸೇವೆ ಮಾಡಬೇಕೆಂಬ 2012ರ ಕಾಯ್ದೆಯೂ ನ್ಯಾಯಾಲಯ, ತಿದ್ದುಪಡಿ ಎಂದು ಎಳೆದಾಡಿಸಿಕೊಂಡು ಸೊರಗಿತು.

ಆದರೂ ಈ ಮೂರು ತಾಲ್ಲೂಕುಗಳ ಮಣ್ಣಿಗೆ ಒಂದು ನೆನಪಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರನ್ನು 1952ರಲ್ಲಿ ಸಾಗರ–ಹೊಸನಗರದ ಜನ, ಮುಂದೆ ತೀರ್ಥಹಳ್ಳಿಯ ಜನ ವಿಧಾನಸಭೆಗೆ ಕಳಿಸಿದರು. ಉಳುವವನಿಗೆ ನೆಲ ಹಕ್ಕು ಎಂದು ಎದ್ದು ಕೇಳಿದ ಸೀಮೆಯಿದು. ಕಾಯಿಲೆ ಬಿದ್ದವನಿಗೆ ಡಾಕ್ಟರು ಹಕ್ಕು ಎಂದು ಕೇಳಲು ಈ ಸೀಮೆ ಏಕೆ ಹಿಂಜರಿಯಬೇಕು?

ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪಂಚಾಯಿತಿಯ ಕೆಳಗೆ ಬರುತ್ತವೆ. 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ, ಅಧಿಕಾರಿಗಳ ಕೈಯಲ್ಲೇ ಕಳೆದವು. ಕೇಳಲು ಸದಸ್ಯನೇ ಇಲ್ಲದ ಊರಿನಲ್ಲಿ ಆಸ್ಪತ್ರೆಯ ಖಾಲಿ ಕುರ್ಚಿಯ ಬಗ್ಗೆ ಯಾರು ಮಾತಾಡಬೇಕು? ಹಾಗಾಗಿ ಮತ ಕೇಳಲು ಯಾರೇ ಮನೆಯಂಗಳಕ್ಕೆ ಬಂದರೂ, ಪಕ್ಷ ಯಾವುದೇ ಇರಲಿ, ನಾಲ್ಕು ಮಾತು ಕೇಳಿ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಅರಿವಳಿಕೆ ತಜ್ಞರು ಇರುತ್ತಾರೆಯೇ? ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷದ ಇಂಜೆಕ್ಷನ್ ಮಳೆಗಾಲ ಪೂರ್ತಿ ಇರುತ್ತದೆಯೇ? ಮಲೆನಾಡಿನ ಮೂಲೆಗೆ ಬಂದು ನೆಲೆಸುವ ಡಾಕ್ಟರಿಗೆ ಒಳ್ಳೆಯ ಮನೆ, ಹೆಚ್ಚಿನ ಸಂಬಳ ಕೊಡಿಸುತ್ತೀರಾ? ಮಂಗನ ಕಾಯಿಲೆಯ ಹೊಸ ಲಸಿಕೆ ಯಾವ ವರ್ಷ ಅರಳಗೋಡಿಗೆ ಬರುತ್ತದೆ? ವಿಮೆ ಕಾರ್ಡು ಕೊಡಿಸುತ್ತೇವೆ ಎಂಬುದನ್ನು ಈ ನಾಲ್ಕಕ್ಕೆ ಉತ್ತರವೆಂದು ದಯವಿಟ್ಟು ಒಪ್ಪಿಕೊಳ್ಳಬೇಡಿ.