ಹಳೆಯ ಕಾರಿಗೂ ಹಾಡಿನ ಭಾಗ್ಯ
ಬರೀ ಹಾಡು ಕೇಳುವ ಆಸೆಗೆ ಹಳೆಯ ಕಾರಿನ ಸ್ಟೀರಿಯೊ ಕೀಳಿಸಿ ಸಾವಿರಾರು ರೂಪಾಯಿ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದರಲ್ಲಿ ಎಫ್‌ಎಂ ರೇಡಿಯೊ ಇದ್ದರೆ ಸಾಕು, ಕೆಲವೇ ನೂರು ರೂಪಾಯಿಯ ಎಫ್‌ಎಂ ಟ್ರಾನ್ಸ್‌ಮಿಟರ್ ಉಳಿದ ಕೆಲಸ ಮಾಡುತ್ತದೆ. ಸಿಗರೇಟ್ ಲೈಟರಿನ 12 ವೋಲ್ಟ್ ಸಾಕೆಟ್‌ಗೆ ಅದನ್ನು ಸಿಕ್ಕಿಸಿ, ಪೆನ್‌ಡ್ರೈವ್ ಹಾಕಿದರೆ ಕಾರಿನೊಳಗೇ ಒಂದು ಪುಟ್ಟ ಬಾನುಲಿ ಕೇಂದ್ರ ಶುರು. ತಾಪತ್ರಯ ಇರುವುದು ಖಾಲಿ ತರಂಗಾಂತರ ಹುಡುಕುವುದರಲ್ಲಿ. ಬೆಂಗಳೂರಿನಲ್ಲಿ 91.1, 98.3, 101.3, 102.9 ಎಲ್ಲದರಲ್ಲೂ ಪ್ರಬಲ ಕೇಂದ್ರಗಳಿವೆ. ಅವುಗಳ ಮಗ್ಗುಲಲ್ಲೇ ಹೊಂದಿಸಿದರೆ ಪಿ.ಬಿ. ಶ್ರೀನಿವಾಸ್ ದನಿಯ ಮೇಲೆ ಯಾವುದೋ ಜಾಹೀರಾತು ಏರಿ ಬರುತ್ತದೆ. 88ರ ಆಸುಪಾಸು ನೋಡಿ, ಅಲ್ಲಿ ಬರೀ ಸರಸರ ಸದ್ದಿದ್ದರೆ ಅದೇ ನಿಮ್ಮ ಜಾಗ. ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ: ಮೈಸೂರು ಹತ್ತಿರವಾದಂತೆ 100.6ರಲ್ಲಿ ಅಲ್ಲಿಯ ಆಕಾಶವಾಣಿ ಎದುರಾಗುತ್ತದೆ. ಟ್ರಾನ್ಸ್‌ಮಿಟರಿನ ದನಿಯನ್ನು ತೀರಾ ಏರಿಸಬೇಡಿ, ತಬಲಾ ಒಡೆದು ಕೇಳುತ್ತದೆ. ಏರಿಸುವುದಿದ್ದರೆ ರೇಡಿಯೊದ್ದನ್ನು ಏರಿಸಿ. ಬ್ಲೂಟೂತ್‌ನಷ್ಟು ನುಣುಪು ಇದರಲ್ಲಿಲ್ಲ ಎನ್ನುವವರಿದ್ದಾರೆ, ಇರಲಿ; ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ಪೆನ್‌ಡ್ರೈವಿನ ಹಾಡು ನಿಲ್ಲುವುದಿಲ್ಲ. ಒಂದೇ ಕೋರಿಕೆ: ತರಂಗಾಂತರ, ಹಾಡಿನ ಫೋಲ್ಡರ್ ಎಲ್ಲವನ್ನೂ ಗಾಡಿ ಹೊರಡುವ ಮೊದಲೇ ಹೊಂದಿಸಿಕೊಳ್ಳಿ. ಓಡಿಸುವಾಗ ಆ ಸಣ್ಣ ಗುಂಡಿಗಳ ಮೇಲೆ ಕೈ ಬೇಡ.